ಬೆಳಕೆಯ ಗದ್ದೆಯಲ್ಲೊಂದು ಹೊಸ್ತಿಲು

ದೆವ್ವ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಹೇಳುವುದು, ಇವು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಈಗಲೂ ನಂಬುವುದಿಲ್ಲ ಎಂದೇ ಹೇಳುತ್ತೇನೆ, ಆದರೆ ಮೊದಲಿನಷ್ಟು ಗಟ್ಟಿ ದನಿಯಲ್ಲಿ ಅಲ್ಲ. ಕುಮಟೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವಳು ನಾನು. ಆ ಕಾಲದಲ್ಲಿ ಹೆಣ್ಣುಮಗಳಿಗೆ ಅದು ಕೋಡು ಮೂಡಿದ ಹಾಗೆ. ಯಾರಾದರೂ ಭೂತದ ಕತೆ ತೆಗೆದರೆ ಸಾಕು, ಎಲ್ಲಿತ್ತು, ಎಷ್ಟು ಹೊತ್ತಿಗೆ, ನೀವೇ ನೋಡಿದ್ದಾ, ಹೀಗೆ ವಕೀಲರಂತೆ ಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅದೇ ಪ್ರಶ್ನೆಗಳನ್ನು ಈಗ ನೀವು ನನಗೆ ಹಾಕಬಹುದು. ಉತ್ತರ ಕೊಡುತ್ತೇನೆ, ಒಂದನ್ನು ಬಿಟ್ಟು.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಿಂದ ಮೈಸೂರಿಗೆ ಸೇರಿದ ಹೊಸತರಲ್ಲಿ ನನ್ನ ಮದುವೆಯಾಯಿತು. ಕೊಟ್ಟದ್ದು ಭಟ್ಕಳದ ಹತ್ತಿರದ ಬೆಳಕೆಗೆ. ಮನೆ ಎದುರು ಗದ್ದೆ, ಗದ್ದೆಯಾಚೆ ತೆಂಗಿನ ಸಾಲು, ಅದರಾಚೆ ಕಡಲು. ಕಡಲು ಕಾಣುತ್ತಿರಲಿಲ್ಲ, ಆದರೆ ಹಗಲು ರಾತ್ರಿ ಅದರ ಸದ್ದು ಇದ್ದೇ ಇರುತ್ತಿತ್ತು. ಮನೆಯೊಳಗೆ ಹೊಕ್ಕರೆ ತುಸು ಕಡಿಮೆ, ಅಂಗಳಕ್ಕೆ ಬಂದರೆ ಮತ್ತೆ ಜೋರು. ಹೊಸತರಲ್ಲಿ ನನಗೆ ತಲೆನೋವು ಬಂದಿತ್ತು. ಆಮೇಲೆ ರೂಢಿಯಾಯಿತು.

ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಮಾವ, ನನ್ನ ಗಂಡ, ಮದುವೆಯ ವಯಸ್ಸಿಗೆ ಬಂದ ನಾದಿನಿ ಲಲಿತ, ಮತ್ತೆ ದುರ್ಗತ್ತೆ. ದುರ್ಗತ್ತೆ ಎಂದರೆ ಮಾವನ ತಂಗಿ. ಹೊನ್ನಾವರದ ಕಡೆ ಮದುವೆಯಾಗಿ, ಮೂರು ಮಳೆಗಾಲ ಕಳೆಯುವುದರೊಳಗೆ ಗಂಡನನ್ನು ಕಳಕೊಂಡು ತವರಿಗೆ ಬಂದವಳು. ನನ್ನ ಗಂಡನನ್ನೂ ಲಲಿತಳನ್ನೂ ಎತ್ತಿ ಆಡಿಸಿ ದೊಡ್ಡ ಮಾಡಿದ್ದು ಅವಳೇ. ಕೆಲಸದಲ್ಲಿ ಗಾಳಿ. ಮೀನಿನವಳ ಹತ್ತಿರ ಚೌಕಾಸಿಗೆ ಕೂತಳೆಂದರೆ ಕೊನೆಗೆ ಮೀನಿನವಳೇ, "ಹಾಂಗಾರೆ ಬುಟ್ಟಿಯೂ ಇಟ್ಕಣಿ ಅಮ್ಮಾ" ಎಂದು ಕೈ ಮುಗಿಯಬೇಕು. ಇಂಥವಳಿಗೆ ಹುಚ್ಚು ಎಂದರೆ ಯಾರು ಒಪ್ಪುತ್ತಾರೆ?

ಆದರೆ ಒಂದು ವಿಷಯ ಇತ್ತು. ಗದ್ದೆಯ ನಡುವೆ ಒಂದು ಜಾಗಕ್ಕೆ ಬಂದಾಗ ದುರ್ಗತ್ತೆ ನಿಲ್ಲುತ್ತಿದ್ದಳು. ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ತಲೆ ತಗ್ಗಿಸಿ, ಸೀರೆಯ ನೆರಿಗೆ ಹಿಡಿದು, ಬಲಗಾಲು ಎತ್ತಿ ಏನನ್ನೋ ದಾಟುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಮಳೆಗಾಲದಲ್ಲಿ ಮೊಣಕಾಲು ಮುಟ್ಟುವ ಕೆಸರಿದ್ದರೂ ಹಾಗೇ, ಬೇಸಗೆಯಲ್ಲಿ ನೆಲ ಬಿರಿದಿದ್ದರೂ ಹಾಗೇ. ನಾಟಿ ಮಾಡುವಾಗ ಅಲ್ಲೊಂದು ಕೈಯಗಲದ ಪಟ್ಟಿ ಬಿಟ್ಟು ಮುಂದೆ ಹೋಗುತ್ತಿದ್ದಳು. ಮಾವ ಗೊಣಗುತ್ತ ಹಿಂದಿನಿಂದ ಬಂದು ಅಲ್ಲಿ ಸಸಿ ಊರುತ್ತಿದ್ದರು. ನಾಟಿಯ ಹೆಂಗಸರು ಹಾಡು ನಿಲ್ಲಿಸಿ ಕಿಸಿಕಿಸಿ ನಗುತ್ತಿದ್ದರು. ದುರ್ಗತ್ತೆಗೆ ಅದರ ಪರಿವೆಯೇ ಇಲ್ಲ.

ನಾನು ಮಧ್ಯಾಹ್ನ ಗಂಜಿ ಒಯ್ದಾಗ ಅವಳು ಆ ಜಾಗದಿಂದ ಆಚೆಗಿದ್ದರೆ ನನ್ನ ಗತಿ ಮುಗಿಯಿತು. ಪಾತ್ರೆ ಚಾಚಿದರೆ ತೆಗೆದುಕೊಳ್ಳುತ್ತಿರಲಿಲ್ಲ.

"ಹೊಸ್ತಿಲಾಚೆ ನಿಂತು ಯಾರಾದ್ರೂ ಅನ್ನ ಕೊಡ್ತ್ರನೆ ಮಾರಾಯ್ತಿ? ಒಳಗೆ ಬಂದು ಕೊಡು."

"ಎಲ್ಲಿದೆ ಅತ್ತೆ ಹೊಸ್ತಿಲು? ನಂಗೆ ಕೂಳೆ ಮಾತ್ರ ಕಾಣ್ತದೆ."

"ಕಾಣದಿದ್ರೆ ಬೇಡ. ಕಾಲೆತ್ತಿ ಬಾ. ತಲೆ ಜೋಪಾನ."

ಹೊಸ್ತಿಲಿನ ಆಚೆ ಈಚೆ ನಿಂತು ಕೊಡುವುದು ತಗೊಳ್ಳುವುದು ಮಾಡಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಉಂಟು. ಆದರೆ ಅದು ಮನೆಗೆ. ಗದ್ದೆಗೆ ಎಲ್ಲಿಯ ಹೊಸ್ತಿಲು? ನಾನು ನಗುತ್ತ ದಪದಪ ನಡೆದು ಹೋಗಿ ಕೊಡುತ್ತಿದ್ದೆ. ಕಾಲನ್ನೂ ಎತ್ತುತ್ತಿರಲಿಲ್ಲ, ತಲೆಯನ್ನೂ ತಗ್ಗಿಸುತ್ತಿರಲಿಲ್ಲ. ಅವಳು ಅದಕ್ಕೆ ಬೇಜಾರು ಮಾಡಿಕೊಂಡವಳಲ್ಲ. ಅತ್ತಿಗೆ ಇಲ್ಲದ ಮನೆಗೆ ನಾನು ಬಂದದ್ದೇ ಅವಳಿಗೆ ದೊಡ್ಡ ಹಬ್ಬ. ನನ್ನ ತಲೆ ಬಾಚುವುದು, ನನಗೆಂದು ಮೀನಿನ ನಡುತುಂಡು ಎತ್ತಿಡುವುದು, ಎಲ್ಲ ಅವಳೇ. ಕುಮಟೆಯ ಅಮ್ಮನನ್ನು ನೆನೆದು ನಾನು ಅತ್ತದ್ದು ಬಹಳ ಕಡಿಮೆ, ಅದಕ್ಕೆ ಕಾರಣ ದುರ್ಗತ್ತೆ.

ಊರಿನವರಿಗೂ ಇದೆಲ್ಲ ಹಳೆಯ ಸುದ್ದಿಯಾಗಿತ್ತು. ತೊಂದರೆ ಬಂದದ್ದು ಲಲಿತಳ ಸಂಬಂಧಕ್ಕೆ. ದೀಪಾವಳಿ ಕಳೆದು, ಕೊಯ್ಲು ಮುಗಿದು, ಹೊನ್ನಾವರದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ಹಾಳಿಯ ಮೇಲೆ, ಗದ್ದೆಯ ಕಿರಿದಾದ ಬದುವಿನ ಮೇಲೆ, ಸಾಲಾಗಿ ನಡೆದು ಬರುತ್ತಿದ್ದಾಗ ನಡು ಗದ್ದೆಯಲ್ಲಿ ಒಬ್ಬಳು ಮುದುಕಿ ಬಗ್ಗಿ ಮಣ್ಣು ಮುಟ್ಟಿ, ಇಲ್ಲದ ಬಾಗಿಲನ್ನು ದಾಟಿದ್ದನ್ನು ಕಂಡರು. ಅವಲಕ್ಕಿ ತಿಂದರು, ಚಹಾ ಕುಡಿದರು, ಹೆಣ್ಣು ಚಂದ ಇದೆ ಎಂದರು. ನಾಲ್ಕು ದಿನದ ಮೇಲೆ ಯಾರದೋ ಬಾಯಲ್ಲಿ ಹೇಳಿ ಕಳಿಸಿದರು, ಆ ಮನೆಯ ರಕ್ತದಲ್ಲೇ ಹುಚ್ಚು ಇದ್ದ ಹಾಗೆ ಕಾಣುತ್ತದೆ ಎಂದು.

ಲಲಿತ ಊಟ ಬಿಟ್ಟಳು. ಮಾವ ಎರಡು ದಿನ ಗದ್ದೆಯ ಕಡೆಗೇ ಹೋಗಲಿಲ್ಲ. ಮೂರನೆಯ ದಿನ, "ಅವ್ಳನ್ನ ಧಾರವಾಡಕ್ಕೆ ಬಿಟ್ಟು ಬಪ್ಪದೇ ಸಮ" ಎಂದರು. ಧಾರವಾಡ ಎಂದರೆ ಆಗ ನಮ್ಮ ಕಡೆ ಒಂದೇ ಅರ್ಥ, ಹುಚ್ಚಾಸ್ಪತ್ರೆ. ಅವರನ್ನು ಕಲ್ಲು ಮನಸ್ಸಿನವರು ಎನ್ನಲಾರೆ. ಒಂದು ಕಡೆ ಮಗಳು, ಒಂದು ಕಡೆ ತಂಗಿ. ಅವರು ತಾನೇ ಏನು ಮಾಡಬೇಕಿತ್ತು?

ದುರ್ಗತ್ತೆಗೆ ಕಣ್ಣು ತೋರಿಸಲಿಕ್ಕೆ ಎಂದು ಸುಳ್ಳು ಹೇಳಿದರು. ಅವಳು ತಲೆಯಾಡಿಸಿ ಸೀರೆ ಗಂಟು ಕಟ್ಟಿದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗುವವರು ಹೊದೆಯುವ ಕಂಬಳಿಯನ್ನೂ ಗಂಟಿಗೆ ಸೇರಿಸುವುದಿಲ್ಲ. ಅವಳು ಸೇರಿಸಿದ್ದಳು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಹೊಗೆಯ ನೆಪದಲ್ಲಿ ಅತ್ತುಬಿಟ್ಟೆ.

ಮರುದಿನ ಬೆಳಗಿನ ಬಸ್ಸಿಗೆ ಹೊರಡುವುದೆಂದಾಯಿತು. ಆ ಸಂಜೆ ದೀಪ ಹಚ್ಚುವ ಹೊತ್ತಾದರೂ ದುರ್ಗತ್ತೆ ಮನೆಗೆ ಬಂದಿರಲಿಲ್ಲ. ಎಲ್ಲಿರುತ್ತಾಳೆಂದು ನನಗೆ ಗೊತ್ತಿತ್ತು. ಹೋದೆ. ಗದ್ದೆಯ ನಡುವೆ, ಅವಳ 'ಒಳಗೆ', ಗೋಡೆಗೆ ಒರಗಿದವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಇನ್ನೂ ಬೆಳಕಿತ್ತು. ಆಕಾಶ ಕೆಂಪಗಿತ್ತು. ಕಡಲು ಎಂದಿನ ಹಾಗೆ ಮೊರೆಯುತ್ತಿತ್ತು.

"ಅತ್ತೆ, ಬನ್ನಿ, ಕತ್ತಲಾತು."

"ನೀನೇ ಒಳಗೆ ಬಾ ಮಗಾ. ಸ್ವಲ್ಪ ಹೊತ್ತು ಕೂತ್ಕಂಡು ಹೋಗ್ವ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಳೆಯಿಂದ ಇವಳಿಲ್ಲ, ಇಂದೊಂದು ದಿನ ಇವಳ ಆಟ ಆಡಿದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ಅವಳು ಮಾಡುವ ಹಾಗೇ ಬಗ್ಗಿ ಮಣ್ಣು ಮುಟ್ಟಿದೆ. ನೆರಿಗೆ ಹಿಡಿದೆ. ತಲೆ ತಗ್ಗಿಸಿ ಬಲಗಾಲು ಎತ್ತಿ ಆಚೆ ಇಟ್ಟೆ.

ಇಲ್ಲಿಂದ ನಾನು ಬಹಳ ಎಚ್ಚರದಿಂದ ಬರೆಯುತ್ತಿದ್ದೇನೆ. ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಲ್ಲಿಯವರೆಗೆ ಭತ್ತದ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು, ಹಗಲಿನ ಬಿಸಿಲಿಗೆ ಕಾದ ಮಣ್ಣು ಇನ್ನೂ ಬೆಚ್ಚಗಿತ್ತು. ಎತ್ತಿಟ್ಟ ಕಾಲಿಗೆ ತಗುಲಿದ್ದು ತಣ್ಣನೆಯ ಕಲ್ಲು. ನಯವಾದ, ಸಪಾಟಾದ, ಎಷ್ಟೋ ಕಾಲ ತೊಳೆದು ಒರಸಿದ ದೇವಸ್ಥಾನದ ನೆಲದಂಥ ಕಲ್ಲು. ಎಡಗಾಲನ್ನೂ ಇಟ್ಟೆ. ಅದೂ ಹಾಗೇ. ಕೆಳಗೆ ನೋಡಿದರೆ ಕೂಳೆಯೇ ಕಾಣುತ್ತಿತ್ತು. ಕಾಲಿಗೆ ಮಾತ್ರ ಕಲ್ಲು. ಮತ್ತೊಂದು, ಇದು ಗಮನಕ್ಕೆ ಬಂದದ್ದು ತುಸು ತಡವಾಗಿ: ಕಡಲಿನ ಸದ್ದು ಕಡಿಮೆಯಾಗಿತ್ತು. ನಿಂತಿರಲಿಲ್ಲ, ಮನೆಯೊಳಗೆ ಹೊಕ್ಕಾಗ ಕಡಿಮೆಯಾಗುತ್ತದಲ್ಲ, ಅಷ್ಟೇ ಕಡಿಮೆ.

ಹೆದರಿಕೆ ಆಗಲಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಅದೇ ನನಗೆ ಇಂದಿಗೂ ಸೋಜಿಗ. ತವರಿನ ನಡುಮನೆಗೆ ಕಾಲಿಟ್ಟ ಹಾಗೆ ಹಿತವಾಯಿತು. ಹೋಗಿ ದುರ್ಗತ್ತೆಯ ಮಗ್ಗುಲಲ್ಲಿ ಕೂತೆ. ಅವಳು ನನ್ನ ಮುಖವನ್ನೇ ನೋಡಿ, "ತಂಪಿದ್ದಲ್ದನೆ?" ಎಂದಳು. ನಾನು ಹೌದು ಎಂದೆ. ಅವಳು ನನ್ನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು.

"ನಾನು ಹೋದ್ರೆ ಇಲ್ಲಿಗೆ ಬಪ್ಪೋರು ಯಾರೆ? ಬಾಗಿಲು ತೆರೆದೇ ಇರ್ತದೆ, ಯಾರೂ ಬತ್ತ್ರಿಲ್ಲೆ. ಅದೊಂದೇ ನಂಗೆ ಸಂಕಟ."

ಧಾರವಾಡದಲ್ಲಿ ತನ್ನ ಗತಿ ಏನು ಎಂದು ಅವಳು ಕೇಳಲಿಲ್ಲ. ಅವಳ ಕೈ ಹಿಡಿದು ಎಬ್ಬಿಸಿಕೊಂಡು ಹೊರಗೆ ದಾಟಿದೆ. ದಾಟಿದ್ದೇ ಕೂಳೆ ಚುಚ್ಚಿತು, ಕಡಲು ಕಿವಿ ತುಂಬಿತು.

ರಾತ್ರಿ ಗಂಡನಿಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಂಗಾರೆ ಬಸ್ಸಿಗೆ ಇನ್ನೊಂದು ಟಿಕೇಟು ತೆಗೆಸ್ಲಾ?" ಎಂದರು. ನನಗೆ ಪಿತ್ತ ನೆತ್ತಿಗೇರಿತು. ಬೆಳಗಿನ ಜಾವ ಕೋಳಿ ಕೂಗಿದ್ದೇ ಕೊಟ್ಟಿಗೆಯಿಂದ ಪಿಕ್ಕಾಸು ತೆಗೆದುಕೊಂಡು ನೇರ ಗದ್ದೆಗೆ ಹೋದೆ. ಏನು ಸಿಗುತ್ತದೆಂದು ಹೋದೆನೋ ನನಗೇ ಗೊತ್ತಿರಲಿಲ್ಲ. ಸುಮ್ಮನೆ ಕೂತು ಆ ಬಸ್ಸಿನ ದಾರಿ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳು ಕಾಲೆತ್ತುವ ಜಾಗದಲ್ಲೇ ಅಗೆದೆ. ಸ್ವಲ್ಪ ಹೊತ್ತಿಗೆ ಮಾವ ಓಡಿ ಬಂದರು.

"ಎಂತ ಹುಚ್ಚೆ ನಿಂದು? ಆಕಡೆ ಹೊರಡೂ ಹೊತ್ತಾತು, ಈಕಡೆ ನೀನು ಗದ್ದೆ ಅಗೀತೆ?"

"ಒಂದು ಹತ್ತು ನಿಮಿಷ ಮಾವ. ನಿಮ್ಮ ಕಾಲಿಗೆ ಬೀಳ್ತೇನೆ."

ಬೈಯುತ್ತಲೇ ನಿಂತಿದ್ದರು. ಕುಣಿ ಮೊಣಕಾಲುದ್ದ ಆದಾಗ ಪಿಕ್ಕಾಸು ಠಣ್ಣೆಂದಿತು. ಮಾವ ಕುಣಿಗೆ ಇಳಿದು, ನನ್ನನ್ನು ಬದಿಗೆ ಸರಿಸಿ, ಕೈಯಿಂದಲೇ ಮಣ್ಣು ತೆಗೆಯತೊಡಗಿದರು. ಕಪ್ಪು ಕಲ್ಲು. ಉದ್ದಕ್ಕೆ ಮಲಗಿತ್ತು. ನಡುವೆ ಸವೆದ ತಾವರೆ, ಎರಡೂ ತುದಿಗೆ ಬಾಗಿಲ ಚೌಕಟ್ಟು ಕೂರಿಸುವ ಗುಳಿ. ಹೊಸ್ತಿಲು. ತಾವರೆಯ ಪಕ್ಕದಲ್ಲಿ ಕಲ್ಲು ಬಟ್ಟಲಿನಂತೆ ತಗ್ಗಾಗಿತ್ತು. ಎಷ್ಟು ಕಾಲುಗಳು ಓಡಾಡಿದರೆ ಕಪ್ಪು ಕಲ್ಲು ಹಾಗೆ ಸವೆಯಬೇಕು! ಮಾವ ಆ ತಗ್ಗಿನ ಮೇಲೆ ಅಂಗೈ ಇಟ್ಟು ಹಾಗೇ ಕೂತುಬಿಟ್ಟರು.

ಅಷ್ಟರಲ್ಲಿ ದುರ್ಗತ್ತೆ ಬಂದಳು. ಮಿಂದು, ತಲೆ ಬಾಚಿ, ಬಗಲಲ್ಲಿ ಗಂಟು. ಕುಣಿಯನ್ನು ನೋಡಿದಳು. ಆಶ್ಚರ್ಯ ಪಡಲಿಲ್ಲ. ಬಳಸಿಕೊಂಡು ಆಚೆ ಬದಿಗೆ ಹೋಗಿ ನಿಂತಳು. ಮಾವ ತಲೆಯೆತ್ತಿ, ಮಣ್ಣು ಮೆತ್ತಿದ ಕೈಯನ್ನು ಅವಳ ಕಡೆಗೆ ಚಾಚಿದರು. ಬಾ ಮನೆಗೆ ಹೋಗುವ ಎಂದು ಹೇಳಲಿಕ್ಕಿತ್ತೋ, ತಪ್ಪಾಯಿತು ಎನ್ನಲಿಕ್ಕಿತ್ತೋ, ನನಗೆ ತಿಳಿಯದು.

"ಹೊಸ್ತಿಲಾಚೆಯಿಂದ ಕೈ ಕೊಡ್ತ್ರನಾ ಅಣ್ಣಾ?" ಎಂದಳು ದುರ್ಗತ್ತೆ, ಮಗುವಿಗೆ ಹೇಳುವ ಹಾಗೆ. "ಒಳಗೆ ಬಾ. ಇಷ್ಟು ವರ್ಷಕ್ಕೆ ಬಂದ್ಯಲ."

ಮಾವ ಅಂಗಿಯ ತೋಳಲ್ಲಿ ಕಣ್ಣೊರಸಿಕೊಂಡು, ಆ ಕಲ್ಲು ದಾಟಿ, ಕುಣಿ ಹತ್ತಿ ಅವಳ ಪಕ್ಕಕ್ಕೆ ಹೋದರು. ಅವಳ ಬಗಲಿನ ಗಂಟನ್ನು ತಾವೇ ತೆಗೆದುಕೊಂಡರು. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಯಾರೂ ಆ ಕಡೆ ನೋಡಲಿಲ್ಲ.

ಆಮೇಲಿನದು ಊರಿಗೆಲ್ಲ ಗೊತ್ತಿರುವ ವಿಷಯ. ನಿಧಿ ಸಿಕ್ಕಿದೆ ಎಂದು ಗುಲ್ಲೆದ್ದಿತು. ಕೆಲವರು ಗುದ್ದಲಿ ಸಮೇತ ಬಂದರು, ಮಾವ ಕುಣಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದರು. ಅವರಿಗೂ ಆ ಕಲ್ಲನ್ನು ಎತ್ತಿ ತಂದು ಮನೆಯ ಬಾಗಿಲಿಗೆ ಕೂರಿಸುವ ಆಸೆ ಇತ್ತು. ಶಾನುಭೋಗರು ಬಂದು ಮಾವನಿಗೆ, "ಮುಟ್ಟಬೇಡಿ ನಾಯ್ಕರೆ, ಇದು ಸರಕಾರಕ್ಕೆ ತಿಳಿಸೂ ವಿಷಯ" ಎಂದು ಭಟ್ಕಳದ ಕಚೇರಿಗೆ ಬರೆದರು. ಕೆಲವು ವಾರದ ಮೇಲೆ ಹಳೆಯ ಕಲ್ಲು, ಶಾಸನ ಇವುಗಳನ್ನು ಬಲ್ಲ ಒಬ್ಬ ಹಿರಿಯರು ಧಾರವಾಡದಿಂದ ಬಂದರು. ಅತ್ತೆ ಧಾರವಾಡಕ್ಕೆ ಹೋಗಲಿಲ್ಲ, ಧಾರವಾಡವೇ ಅತ್ತೆಯ ಹತ್ತಿರ ಬಂತು ಎಂದು ನನ್ನ ಗಂಡ ನಗಾಡಿದರು. ಟಿಕೇಟಿನ ಮಾತಿಗೆ ಆಗಲೇ ನನ್ನಿಂದ ಸಾಕಷ್ಟು ಅನಿಸಿಕೊಂಡಿದ್ದರು.

ಆ ಹಿರಿಯರು ಎತ್ತರದ ಆಳು. ದುರ್ಗತ್ತೆ ಅವರನ್ನು ತಡೆದು, "ಬೂಟು ಅಲ್ಲೇ ಬಿಡಿ. ತಲೆ ಜೋಪಾನ, ಬಾಗಿಲು ತಗ್ಗು" ಎಂದಳು. ಅವರು ನಗದೆ ಬೂಟು ಬಿಚ್ಚಿದರು, ತಲೆಯನ್ನೂ ಬಗ್ಗಿಸಿದರು. ಅಳತೆ ತೆಗೆದರು, ಚಿತ್ರ ಬರೆದರು. ಕಲ್ಲಿನ ಅಂಚಿನಲ್ಲಿ ನನ್ನ ಪಿಕ್ಕಾಸು ಮಾಡಿದ ಗಾಯವನ್ನು ನೋಡಿ, "ಇನ್ನೊಂದು ಸಲ ಹೀಗೆ ಏನಾದರೂ ಕಂಡರೆ ಕೈ ತಡೆಯಮ್ಮ. ಕಂಡಲ್ಲಿಗೇ ನಿಲ್ಲಿಸು, ಗುರುತು ಇಟ್ಟು ಹೇಳಿ ಕಳಿಸು" ಎಂದರು. ಎಣ್ಣೆ, ಅರಿಶಿನ ಹಚ್ಚಬಾರದು. ಕಿತ್ತು ಬೇರೆ ಕಡೆ ಒಯ್ಯಬಾರದು. ಎಲ್ಲಿತ್ತು ಎಂಬುದು ತಪ್ಪಿಹೋದರೆ ಅದು ಬರೀ ಒಂದು ಕಲ್ಲು ಎಂದರು. ನಿಮ್ಮ ಗದ್ದೆಯಲ್ಲೂ ಇಂಥದ್ದು ಸಿಕ್ಕೀತು, ಆಗ ನನ್ನ ಹಾಗೆ ಮಾಡಬೇಡಿ, ಅವರು ಹೇಳಿದ ಹಾಗೆ ಮಾಡಿ. ಕೊನೆಗೆ ಅವರೇ ನಿಂತು ಅದನ್ನು ಇದ್ದ ಹಾಗೇ ಮಣ್ಣಿನಿಂದ ಮುಚ್ಚಿಸಿದರು, ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ ಎಂದು.

ದುರ್ಗತ್ತೆಗೆ ಹೇಗೆ ಗೊತ್ತಿತ್ತು ಎಂದು ನಾನೇ ಅವರನ್ನು ಕೇಳಿದೆ. ಅವರು ಯೋಚಿಸಿ ಹೇಳಿದರು: ಕೆಳಗೆ ಕಲ್ಲಿದ್ದಲ್ಲಿ ಮೇಲಿನ ಪೈರು ಬೇಗ ಹಳದಿಯಾಗುತ್ತದೆ. ಚಿಕ್ಕಂದಿನಿಂದ ಈ ಗದ್ದೆಯಲ್ಲೇ ದುಡಿದವರ ಕಣ್ಣು ಅದನ್ನು ಹಿಡಿದಿರಬಹುದು, ಮನಸ್ಸಿಗೆ ತಿಳಿಯದೆಯೇ. ಒಪ್ಪುವಂಥ ಮಾತು. ಮುಲ್ಕಿ ಪಾಸಾದ ನಾನು ಖುಷಿಯಿಂದ ಒಪ್ಪಿದೆ. ಆಮೇಲೆ, ಮಾವನ ಎದುರಿಗೇ, ನನ್ನ ಕಾಲಿಗೆ ತಗುಲಿದ ಒಳಗಿನ ತಣ್ಣನೆಯ ಕಲ್ಲಿನ ನೆಲ ಎಷ್ಟು ಆಳದಲ್ಲಿದೆ ಎಂದು ಕೇಳಿದೆ. ಅವರು ಹೊಸ್ತಿಲಿನ ಒಳಬದಿಯಲ್ಲಿ ಆಗಲೇ ಕುಣಿ ತೆಗೆಸಿ ನೋಡಿದ್ದರು.

"ಒಳಗೆ ನೆಲ ಇಲ್ಲಮ್ಮ. ಯಾವ ಕಾಲದಲ್ಲೋ ಯಾರೋ ಹಾಸುಗಲ್ಲುಗಳನ್ನೆಲ್ಲ ಎತ್ತಿಕೊಂಡು ಹೋಗಿದ್ದಾರೆ. ಬರೀ ಜೇಡಿಮಣ್ಣು."

ನಾನು ಉತ್ತರ ಕೊಡಲಾರೆ ಎಂದ ಪ್ರಶ್ನೆ ಇದು. ಹೊಸ್ತಿಲೇ ಮೊಣಕಾಲುದ್ದ ಕೆಳಗಿತ್ತು. ಅದರೊಳಗೆ ಹಾಸುಗಲ್ಲೇ ಇರಲಿಲ್ಲ. ಹಾಗಾದರೆ ಆ ಸಂಜೆ ನಾನು ಕಾಲಿಟ್ಟದ್ದು ಯಾವುದರ ಮೇಲೆ? ಮನಸ್ಸಿನ ಭ್ರಮೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ದುಃಖದಲ್ಲಿದ್ದೆ, ಅವಳ ಮೇಲೆ ಜೀವ ಇತ್ತು, ಹಾಗಾಗಿ ಎಂದೂ ಹೇಳಿಕೊಂಡಿದ್ದೇನೆ. ಅಂಗಾಲು ಮಾತ್ರ ಒಪ್ಪುವುದಿಲ್ಲ. ಆಮೇಲೆ ಎಷ್ಟು ಸಲ ಅಲ್ಲಿ ಕಾಲೆತ್ತಿ ದಾಟಿದರೂ ಆ ತಂಪು ಮತ್ತೆ ಸಿಗಲಿಲ್ಲ.

ಲಲಿತಳಿಗೆ ಮುಂದಿನ ವರ್ಷವೇ ತೆಂಗಿನಗುಂಡಿಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ದುರ್ಗತ್ತೆ ಇನ್ನೂ ಕೆಲವು ವರ್ಷ ನಮ್ಮ ಜೊತೆ ಇದ್ದಳು. ಗದ್ದೆಯಲ್ಲಿ ಎಂದಿನ ಹಾಗೇ ನಿಂತು, ಬಗ್ಗಿ, ದಾಟುತ್ತಿದ್ದಳು. ನಾಟಿಯಲ್ಲಿ ಅವಳು ಬಿಟ್ಟ ಪಟ್ಟಿಯಲ್ಲಿ ಮಾವ ಸಸಿ ಊರುವುದನ್ನು ಬಿಟ್ಟರು. ನಾನು ಗಂಜಿ ಒಯ್ದರೆ ಕಾಲೆತ್ತಿ, ತಲೆ ತಗ್ಗಿಸಿ, ಒಳಗೆ ಹೋಗಿಯೇ ಕೊಡುತ್ತಿದ್ದೆ.

ಒಂದು ಬೇಸಗೆಯಲ್ಲಿ, ಜ್ವರದ ನೆಪದಲ್ಲಿ, ಅವಳು ತೀರಿಕೊಂಡಳು. ಸುಡುವ ಜಾಗಕ್ಕೆ ಗದ್ದೆ ಹಾಯ್ದೇ ಹೋಗಬೇಕು. ಹೆಂಗಸರು ಹೋಗುವ ಹಾಗಿಲ್ಲ, ನಾನು ಅಂಗಳದ ತುದಿಯಲ್ಲಿ ನಿಂತು ನೋಡುತ್ತಿದ್ದೆ. ನಾಲ್ವರ ಹೆಗಲ ಮೇಲೆ ಚಟ್ಟ ಹೋಗುತ್ತಿತ್ತು. ಮಾವ ಕೋಲೂರಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದರು. ಆ ಜಾಗ ಬಂತು. ಮಾವ ಕೈಯೆತ್ತಿ ನಿಲ್ಲಿಸಿದರು. ಗಾಳಿ ನಮ್ಮ ಕಡೆಗಿತ್ತು, ಅವರ ಮಾತು ನನಗೆ ಕೇಳಿತು.

"ತಗ್ಸಿ, ತಗ್ಸಿ. ಬಾಗಿಲು ತಗ್ಗಿದ್ದು. ಅವ್ಳ ತಲೆ ತಾಗ್ತದೆ."

ಬಟಾಬಯಲಿನಲ್ಲಿ ನಾಲ್ವರೂ ಚಟ್ಟವನ್ನು ಹೆಗಲಿನಿಂದ ಕೈಗೆ ಇಳಿಸಿದರು. ಒಬ್ಬರೂ ಏಕೆ ಎಂದು ಕೇಳಲಿಲ್ಲ. ತಲೆ ಬಗ್ಗಿಸಿ, ಒಬ್ಬೊಬ್ಬರಾಗಿ ಕಾಲೆತ್ತಿ ದಾಟಿ, ಆಚೆ ಹೋಗಿ ಮತ್ತೆ ಹೆಗಲಿಗೇರಿಸಿದರು. ಮಾವ ಹಿಂದುಳಿದರು. ಬಗ್ಗಲು ಕಷ್ಟವಾಗುತ್ತಿತ್ತು, ಆದರೂ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಲಗಾಲು ಎತ್ತಿ ಆಚೆ ಇಟ್ಟರು. ಇಟ್ಟವರು ಗಕ್ಕನೆ ನಿಂತು, ತಮ್ಮ ಪಾದವನ್ನು ನೋಡಿಕೊಂಡರು, ಆಮೇಲೆ ತಿರುಗಿ ಅಂಗಳದಲ್ಲಿದ್ದ ನನ್ನನ್ನು ನೋಡಿದರು.

ಅವರು ಮರಳಿ ಬಂದಾಗ ಕಾಲಿಗೆ ನೀರು ಕೊಟ್ಟದ್ದು ನಾನೇ. ತಂಪಿತ್ತೇ ಎಂದು ಕೇಳುವುದು ಇಬ್ಬರ ಮನಸ್ಸಿನಲ್ಲೂ ಇತ್ತು. ಇಬ್ಬರೂ ಕೇಳಲಿಲ್ಲ.